ಪೂಜೆಯಲ್ಲಿ ಮನಸ್ಸು ನಿಲ್ಲದಿದ್ದರೆ ಅದು ಭಕ್ತಿಯ ಕೊರತೆಯೇ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮಂಡಿನೋವು, ಸಕ್ಕರೆ ಕಾಯಿಲೆ, ಮಕ್ಕಳ ಕೆಮ್ಮು-ನೆಗಡಿಗಳನ್ನು ಕುರಿತವಾಗಿರುತ್ತವೆ. ಈ ಸಲ ನಮ್ಮ ಕೈಸೇರಿದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದವರು 48 ವರ್ಷದ ಒಬ್ಬ ಗೃಹಿಣಿ. ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿದ್ದಾರೆ. ಅವರ ಇಚ್ಛೆಯನ್ನು ಗೌರವಿಸಿ, ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ.

ಆ ತಾಯಿ ಮದುವೆಯಾಗಿ ಬಂದಂದಿನಿಂದ ನಸುಕಿನಲ್ಲೆದ್ದು, ಮಿಂದು, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆ ಮಾಡಿದ ಮೇಲೆಯೇ ಒಲೆಯ ಮುಂದೆ ಕುಳಿತವರು. ಈಗ ಒಂದು ವರ್ಷದಿಂದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತರೂ ದೃಷ್ಟಿ ನಿಲ್ಲುತ್ತಿಲ್ಲವಂತೆ. ಕಾರಣವಿಲ್ಲದೆ ಕಣ್ಣು ತುಂಬಿ ಬರುತ್ತದಂತೆ. ಮಠದ ದಾಸೋಹದಲ್ಲಿ ವರ್ಷಗಟ್ಟಲೆ ನೂರಾರು ಜನರಿಗೆ ಅಡುಗೆ ಮಾಡಿದ ಕೈ ಅವರದು. ಕಳೆದ ಶ್ರಾವಣದಲ್ಲಿ ಹುಗ್ಗಿಗೆ ಬೆಲ್ಲ ಹಾಕಿದ್ದೇನೆಯೋ ಇಲ್ಲವೋ ಎಂಬುದೇ ನೆನಪಾಗದೆ ಎಲ್ಲರೆದುರು ನಾಚುವಂತಾಯಿತು. ಪರಿಚಿತರ ಹೆಸರುಗಳು ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ಮಗಳಂತೆ ಕಂಡ ಸೊಸೆಯ ಮೇಲೆ ಸಣ್ಣ ಮಾತಿಗೆ ಸಿಡುಕಿ, ಆಮೇಲೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಾರೆ. ಯಜಮಾನರನ್ನು ಕೇಳಿದರೆ “ವಯಸ್ಸಾಯಿತು, ಬುದ್ಧಿ ಮಂಕಾಗುತ್ತಿದೆ” ಎಂದು ನಕ್ಕುಬಿಡುತ್ತಾರೆ. “ನನ್ನ ಭಕ್ತಿ ಕುಂದಿತೇ? ನಾನೇನು ತಪ್ಪು ಮಾಡಿದೆ?” ಎಂಬುದು ಅವರ ಪ್ರಶ್ನೆ. ಪತ್ರ ಮುಗಿಸುವ ಮುನ್ನ, ಮುಟ್ಟು ಒಂದು ವರ್ಷದಿಂದ ಸರಿಯಾಗಿ ಬರುತ್ತಿಲ್ಲವೆಂದೂ, ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತದೆಂದೂ ಸಂಕೋಚದಿಂದ ಸೇರಿಸಿದ್ದಾರೆ.

ಅವರ ಪ್ರಶ್ನೆಗೆ ಉತ್ತರ ಈ ಕೊನೆಯ ಮಾತಿನಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಇದು ಒಬ್ಬ ತಾಯಿಯ ಕಥೆಯಲ್ಲ. ನಮ್ಮ ಅನೇಕ ಮನೆಗಳಲ್ಲಿ ಮಾತಿಲ್ಲದೆ ನಡೆದಿರುವ ಕಥೆ. ಆದುದರಿಂದ ಈ ತಿಂಗಳ ಪುಟಗಳನ್ನು ಸ್ತ್ರೀ-ಪುರುಷ ಹಾರ್ಮೋನುಗಳಿಗೂ ಮಿದುಳಿಗೂ ಇರುವ ಸಂಬಂಧವನ್ನು ವಿವರಿಸಲು ಮೀಸಲಿಡುತ್ತಿದ್ದೇವೆ. ಮನೆಯ ಗಂಡಸರೂ ಇದನ್ನು ಓದಬೇಕೆಂಬುದು ನಮ್ಮ ವಿನಂತಿ.

ಹಾರ್ಮೋನು ಎಂದರೇನು?

ದೇಹದ ಕೆಲವು ಗ್ರಂಥಿಗಳು ತಯಾರಿಸಿ ನೇರವಾಗಿ ರಕ್ತಕ್ಕೆ ಬಿಡುವ ರಾಸಾಯನಿಕಗಳೇ ಹಾರ್ಮೋನುಗಳು. ಒಂದೆಡೆ ಹುಟ್ಟಿ ಇನ್ನೊಂದೆಡೆ ಕೆಲಸ ಮಾಡಿಸುವ ಕಾರಣ ಇವನ್ನು ಕನ್ನಡದಲ್ಲಿ ರಸದೂತಗಳೆಂದೂ ಕರೆಯುವುದುಂಟು. 1849ರಲ್ಲಿ ಜರ್ಮನಿಯ ಗಟಿಂಗೆನ್ ನಗರದ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದು ಪರೀಕ್ಷಿಸಿದರು. ಅಂಥ ಹುಂಜಗಳು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು, ಅವುಗಳ ಜುಟ್ಟು ಬೆಳೆಯಲಿಲ್ಲ. ಆದರೆ ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ಮರಳಿ ಇರಿಸಿದಾಗ, ಹಳೆಯ ನರಗಳ ಸಂಪರ್ಕವಿಲ್ಲದಿದ್ದರೂ, ಅವು ಮತ್ತೆ ಹುಂಜಗಳಂತೆಯೇ ವರ್ತಿಸಿದವು. ರಕ್ತದ ಮೂಲಕ ಹರಿಯುವ ಯಾವುದೋ ವಸ್ತು ನಡತೆಯನ್ನೇ ಬದಲಿಸಬಲ್ಲುದೆಂದು ಅಲ್ಲಿಂದ ತಿಳಿದುಬಂದಿತು. ಅಂಥ ವಸ್ತುಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದರು. ಈಸ್ಟ್ರೋಜನ್ ವರ್ಗದ ಮೊದಲ ಹಾರ್ಮೋನನ್ನು 1929ರಲ್ಲಿ, ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು 1935ರಲ್ಲಿ ಬೇರ್ಪಡಿಸಲಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಈಸ್ಟ್ರೋಜನ್ ಹೆಂಗಸರಲ್ಲಿ ಮಾತ್ರ, ಟೆಸ್ಟೋಸ್ಟೆರಾನ್ ಗಂಡಸರಲ್ಲಿ ಮಾತ್ರ ಇರುವುದೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಇಬ್ಬರಲ್ಲಿಯೂ ಎರಡೂ ಇವೆ, ಪ್ರಮಾಣ ಮಾತ್ರ ಬೇರೆ. ಗಂಡಸಿನ ಮಿದುಳಿನಲ್ಲಿಯೂ ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಮಾರ್ಪಟ್ಟು ಕೆಲಸ ಮಾಡುತ್ತದೆ.

ಮಿದುಳಿನಲ್ಲಿ ಇವುಗಳ ಕೆಲಸ

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಸಂತಾನೋತ್ಪತ್ತಿಗೆ ಮಾತ್ರ ಸಂಬಂಧಿಸಿದವೆಂದು ಬಹುಕಾಲ ನಂಬಲಾಗಿತ್ತು. ಇವು ರಕ್ತದಿಂದ ಮಿದುಳನ್ನು ಸುಲಭವಾಗಿ ಪ್ರವೇಶಿಸುತ್ತವೆ. ಅಲ್ಲಿ ಅವುಗಳನ್ನು ಗುರುತಿಸಿ ಹಿಡಿಯುವ ಗ್ರಾಹಕಗಳು ನೆನಪು, ಭಾವನೆ, ನಿದ್ರೆ, ದೇಹದ ಶಾಖ ಇವುಗಳನ್ನು ನೋಡಿಕೊಳ್ಳುವ ಭಾಗಗಳಲ್ಲೆಲ್ಲ ಇವೆ. 1990ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಇವನ್ ಮತ್ತು ಅವರ ಸಂಗಡಿಗರು ಹೆಣ್ಣಿಲಿಗಳ ಮಿದುಳನ್ನು ಪರೀಕ್ಷಿಸಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಹೊಸ ನೆನಪುಗಳನ್ನು ಕೂಡಿಡುವ ಭಾಗಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರು. ಅಲ್ಲಿನ ನರಕೋಶಗಳ ಟಿಸಿಲುಗಳ ಮೇಲೆ ಸೂಕ್ಷ್ಮ ಮೊಗ್ಗುಗಳಿದ್ದು, ಒಂದು ಕೋಶ ಇನ್ನೊಂದರಿಂದ ಸಂದೇಶ ಪಡೆಯುವುದು ಅವುಗಳ ಮೂಲಕ. ಇಲಿಯ ಋತುಚಕ್ರ ನಾಲ್ಕೈದು ದಿನಗಳದಷ್ಟೇ. ಅಷ್ಟರೊಳಗೇ ಈಸ್ಟ್ರೋಜನ್ ಏರಿದಾಗ ಈ ಮೊಗ್ಗುಗಳು ಹೆಚ್ಚುತ್ತವೆ, ಇಳಿದಾಗ ಕಡಿಮೆಯಾಗುತ್ತವೆ ಎಂದು ಕಂಡುಬಂದಿತು. ಇದು ಇಲಿಗಳ ಮಾತಾದರೂ, ನೆನಪಿನ ಅಂಗಕ್ಕೂ ಅಂಡಾಶಯಕ್ಕೂ ನಂಟುಂಟೆಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು.

ಮನಸ್ಸಿನ ನೆಮ್ಮದಿಯೊಡನೆಯೂ ಇವುಗಳಿಗೆ ನಂಟುಂಟು. ಮನಸ್ಸನ್ನು ಸಮಸ್ಥಿತಿಯಲ್ಲಿಡಲು ನೆರವಾಗುವ ಸೆರೊಟೋನಿನ್ ಎಂಬ ರಾಸಾಯನಿಕದ ಉತ್ಪತ್ತಿ ಮತ್ತು ಬಳಕೆಯ ಮೇಲೆ ಈಸ್ಟ್ರೋಜನ್ ಪ್ರಭಾವ ಬೀರುತ್ತದೆ. ಪ್ರೊಜೆಸ್ಟರಾನಿನಿಂದ ಹುಟ್ಟುವ ಅಲ್ಲೊಪ್ರೆಗ್ನನೊಲೋನ್ ಎಂಬ ವಸ್ತುವು ಮಿದುಳಿನ ಉದ್ವೇಗವನ್ನು ತಗ್ಗಿಸುತ್ತದೆ. ಬಸುರಿನಲ್ಲಿ ತುಂಬ ಹೆಚ್ಚಿರುವ ಈ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಥಟ್ಟನೆ ಇಳಿದುಹೋಗುತ್ತವೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದ ಕಾಯಿಲೆಯ ಮತ್ತು ಇಂದು ಬಾಣಂತಿ ಖಿನ್ನತೆ ಎಂದು ಗುರುತಿಸುವ ತೊಂದರೆಯ ಹಿಂದೆ ಈ ಇಳಿತವೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಇದೇ ಅಲ್ಲೊಪ್ರೆಗ್ನನೊಲೋನಿನ ರೂಪದ ಔಷಧಿಗೆ 2019ರಲ್ಲಿಯೂ, ಅದೇ ಬಗೆಯಲ್ಲಿ ಕೆಲಸ ಮಾಡುವ ಮಾತ್ರೆಗೆ 2023ರಲ್ಲಿಯೂ ಅಮೆರಿಕದಲ್ಲಿ ಬಾಣಂತಿಯರ ಖಿನ್ನತೆಗಾಗಿ ಅನುಮತಿ ದೊರೆಯಿತು.

ಎಲ್ಲರಿಗೂ ಒಂದೇ ಬಗೆಯಲ್ಲ

“ನಮ್ಮ ಅತ್ತೆಯವರಿಗೆ ಇದೇನೂ ಆಗಲಿಲ್ಲ, ನಿನಗೊಬ್ಬಳಿಗೇ ಏಕೆ?” ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೂ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್, ಡೇವಿಡ್ ರುಬಿನೊ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮುಟ್ಟಿನ ಮುಂಚೆ ತೀವ್ರ ದುಗುಡಕ್ಕೊಳಗಾಗುತ್ತಿದ್ದ ಮಹಿಳೆಯರಿಗೂ, ಅಂಥ ತೊಂದರೆಯಿಲ್ಲದ ಮಹಿಳೆಯರಿಗೂ ಅಂಡಾಶಯದ ಕೆಲಸವನ್ನು ಔಷಧಿಯಿಂದ ತಾತ್ಕಾಲಿಕವಾಗಿ ನಿಲ್ಲಿಸಿದರು. ಆಗ ತೊಂದರೆಯಿದ್ದವರಲ್ಲಿ ಹಲವರಿಗೆ ದುಗುಡ ತಗ್ಗಿತು. ಆಮೇಲೆ ಹಾರ್ಮೋನುಗಳನ್ನು ಮರಳಿ ಕೊಟ್ಟಾಗ ಅವರಿಗೆ ದುಗುಡ ಮರುಕಳಿಸಿತು, ಉಳಿದವರಿಗೆ ಏನೂ ಆಗಲಿಲ್ಲ. ಹಾರ್ಮೋನು ಒಂದೇ, ಪ್ರಮಾಣವೂ ಒಂದೇ, ಆದರೆ ಅದಕ್ಕೆ ಓಗೊಡುವ ಮಿದುಳಿನ ಸೂಕ್ಷ್ಮತೆ ಒಬ್ಬರಿಂದೊಬ್ಬರಿಗೆ ಬೇರೆ. ಆದುದರಿಂದ ಒಬ್ಬರ ಅನುಭವವನ್ನು ಅಳತೆಗೋಲಾಗಿ ಹಿಡಿದು ಇನ್ನೊಬ್ಬರನ್ನು ಹಳಿಯುವುದು ಸರಿಯಲ್ಲ.

ಮುಟ್ಟು ನಿಲ್ಲುವ ಕಾಲ

ಸತತವಾಗಿ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ವೈದ್ಯರು ತೀರ್ಮಾನಿಸುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸಾಮಾನ್ಯವಾಗಿ 46-47ರ ಸುಮಾರಿಗೆ ಆಗುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಆದರೆ ಅದಕ್ಕೆ ಕೆಲವು ವರ್ಷಗಳ ಹಿಂದಿನಿಂದಲೇ ಈಸ್ಟ್ರೋಜನ್ ಏರಿಳಿಯತೊಡಗುತ್ತದೆ. ಒಂದು ತಿಂಗಳು ಮಿತಿಮೀರಿ ಏರಿದರೆ ಮರುತಿಂಗಳು ತಳಕ್ಕಿಳಿಯಬಹುದು. ಮಿದುಳಿಗೆ ತೊಡಕಾಗುವುದು ಕೊರತೆಯಿಂದ ಮಾತ್ರವಲ್ಲ, ಈ ಹೊಯ್ದಾಟದಿಂದಲೂ ಹೌದು.

ದೇಹದ ಶಾಖವನ್ನು ಹತೋಟಿಯಲ್ಲಿಡುವ ಕೇಂದ್ರ ಮಿದುಳಿನ ಬುಡದ ಹೈಪೊಥಲಮಸ್ಸಿನಲ್ಲಿದೆ. ಈಸ್ಟ್ರೋಜನ್ ತಗ್ಗಿದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ. ಹೊರಗೆ ಚಳಿಯಿದ್ದರೂ ಶಾಖ ಹೆಚ್ಚಾಯಿತೆಂಬ ತಪ್ಪು ಸೂಚನೆ ಹೊರಟು, ಮುಖ ಕೆಂಪೇರಿ, ಮೈ ಬೆವರಿ, ಎದೆ ಡವಗುಟ್ಟುತ್ತದೆ. ರಾತ್ರಿ ಎರಡು ಮೂರು ಬಾರಿ ಹೀಗಾದರೆ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟವರಿಗೆ ಏಕಾಗ್ರತೆ ಎಲ್ಲಿಂದ ಬರಬೇಕು? ನಮಗೆ ಪತ್ರ ಬರೆದ ತಾಯಿ ಅರೆನಿದ್ರೆಯಲ್ಲಿ ರಾತ್ರಿ ಕಳೆದು, ನಸುಕಿನಲ್ಲೆದ್ದು ಲಿಂಗದಲ್ಲಿ ದೃಷ್ಟಿ ನೆಡಲು ಹೆಣಗುತ್ತಿದ್ದಾರೆ. ಅದು ನಿಲ್ಲದಿದ್ದರೆ ಅವರ ಭಕ್ತಿಯನ್ನು ಶಂಕಿಸಲು ಕಾರಣವೇ ಇಲ್ಲ.

ಮರೆವಿನ ವಿಷಯದಲ್ಲಿ ಅವರಿಗೆ ಧೈರ್ಯ ಕೊಡುವಂಥ ಅಧ್ಯಯನವೊಂದಿದೆ. ನಡುವಯಸ್ಸಿನ ಮಹಿಳೆಯರನ್ನು ದೀರ್ಘಕಾಲ ಗಮನಿಸುವ ಕಾರ್ಯವೊಂದು 1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2009ರಲ್ಲಿ ಪ್ರಕಟವಾದ ಅದರ ಒಂದು ವರದಿಯಲ್ಲಿ 2,362 ಮಹಿಳೆಯರನ್ನು ನಾಲ್ಕು ವರ್ಷ ಪರೀಕ್ಷಿಸಿದ ವಿವರವಿದೆ. ಒಂದೇ ಬಗೆಯ ನೆನಪಿನ ಪರೀಕ್ಷೆಯನ್ನು ಮತ್ತೆ ಮತ್ತೆ ಕೊಟ್ಟರೆ ಅಭ್ಯಾಸಬಲದಿಂದ ಅಂಕಗಳು ಏರುವುದು ಸಹಜ. ಮುಟ್ಟು ನಿಲ್ಲುವ ಹಂತದಲ್ಲಿದ್ದವರಲ್ಲಿ ಈ ಏರಿಕೆ ಕುಂಠಿತವಾಗಿತ್ತು. ಮುಟ್ಟು ಪೂರ್ತಿ ನಿಂತವರಲ್ಲಿ ಅದು ಮತ್ತೆ ಮೊದಲಿನಂತಾಗಿತ್ತು. ಅಂದರೆ ಈ ಮಂಕು ಬಹುಮಟ್ಟಿಗೆ ದಾಟಿಹೋಗುವಂಥದು. ನಲವತ್ತೆಂಟರಲ್ಲಿ ಹೆಸರು ಮರೆತವರೆಲ್ಲ ಮುಂದೆ ಮರುಳಾಗುವರೆಂದು ಹೆದರಬೇಕಾಗಿಲ್ಲ.

ಗರ್ಭಕೋಶ ತೆಗೆಸುವ ಮುನ್ನ

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಹಳ್ಳಿ-ಪಟ್ಟಣಗಳಲ್ಲಿ ಮೂವತ್ತೈದು ನಲವತ್ತರ ಹೆಣ್ಣುಮಕ್ಕಳಿಗೆ ಬಿಳುಪು ಹೋಗುವುದು, ಹೊಟ್ಟೆನೋವು, ಅತಿ ಮುಟ್ಟು ಮೊದಲಾದ ತೊಂದರೆ ಕಂಡೊಡನೆ “ಮಕ್ಕಳಾದವಲ್ಲ, ಚೀಲ ತೆಗೆಸಿಬಿಡೋಣ” ಎನ್ನುವ ರೂಢಿ ಬೆಳೆದಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಈ ಶಸ್ತ್ರಚಿಕಿತ್ಸೆಯನ್ನು ಅನಗತ್ಯವಾಗಿ ಮಾಡಲಾಯಿತೆಂಬ ದೂರು 2015ರಲ್ಲಿ ಎದ್ದು ತನಿಖೆ ನಡೆಯಿತು. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಗರ್ಭಕೋಶ ಬೇರೆ, ಅಂಡಾಶಯಗಳು ಬೇರೆ. ಹಾರ್ಮೋನು ತಯಾರಾಗುವುದು ಅಂಡಾಶಯಗಳಲ್ಲಿ. ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆದರೆ, ವರ್ಷಗಟ್ಟಲೆ ಹಂತಹಂತವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಟ್ಟು ನಿಲ್ಲುವ ಮುನ್ನವೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಬುದ್ಧಿಶಕ್ತಿ ಕುಂದುವ ಮತ್ತು ಮರೆಗುಳಿತನ ಬರುವ ಸಂಭವ ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆಯ ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಕ್ಯಾನ್ಸರ್ ಮೊದಲಾದ ಗಂಭೀರ ಕಾರಣಗಳಿದ್ದಾಗ ವೈದ್ಯರ ಮಾತನ್ನು ಮೀರಬಾರದು. ಅಂಥ ಕಾರಣವಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. “ಮಾತ್ರೆಯಿಂದ ಗುಣವಾಗದೇ? ಅಂಡಾಶಯಗಳನ್ನು ಉಳಿಸಬಹುದೇ? ತೆಗೆಯಲೇಬೇಕಾದರೆ ಮುಂದೆ ಹಾರ್ಮೋನು ಚಿಕಿತ್ಸೆ ಕೊಡುವಿರಾ?” ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಡಿ. ಸಹಿ ಹಾಕುವವರು ಸಾಮಾನ್ಯವಾಗಿ ಯಜಮಾನರು. ಕಳೆದುಕೊಳ್ಳುವವರು ಆ ತಾಯಿ.

ಚಿಕಿತ್ಸೆ ಉಂಟೇ?

ಉಂಟು. ಆದರೆ ಮೊದಲು ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟದೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಜೀವಸತ್ವದ ಕೊರತೆ ಇವುಗಳ ಪರೀಕ್ಷೆ ಮಾಡಿಸಬೇಕು. ಹಾಲು-ಮಜ್ಜಿಗೆ ಬಿಟ್ಟರೆ ಬಿ12 ಸಿಗುವ ದಾರಿ ಸಸ್ಯಾಹಾರಿಗಳಾದ ನಮಗೆ ಕಡಿಮೆ. ಅದರ ಕೊರತೆಯಿಂದಲೂ ಮರೆವು, ಬೇಸರ ಬರುತ್ತವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಹಾರ್ಮೋನು ಚಿಕಿತ್ಸೆಯ ಬಗ್ಗೆ ಹಲವರಿಗೆ ಹೆದರಿಕೆಯಿದೆ. 2002ರಲ್ಲಿ ಅಮೆರಿಕದ ಒಂದು ಬೃಹತ್ ಅಧ್ಯಯನದಲ್ಲಿ, ಈಸ್ಟ್ರೋಜನ್-ಪ್ರೊಜೆಸ್ಟಿನ್ ಜೊತೆಯಾಗಿ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚಾದುದು ಕಂಡುಬಂದು ಆ ಭಾಗವನ್ನು ನಡುವೆಯೇ ನಿಲ್ಲಿಸಲಾಯಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತೈದು ದಾಟಿದ ಮೇಲೆ ಆರಂಭಿಸಿದವರಲ್ಲಿ ಮರೆಗುಳಿತನದ ಅಪಾಯ ಇಮ್ಮಡಿಯಾಯಿತೆಂದು 2003ರಲ್ಲಿ ತಿಳಿದುಬಂದಿತು. ಅನಂತರದ ವರ್ಷಗಳಲ್ಲಿ ಅಭಿಪ್ರಾಯ ಹೆಚ್ಚು ಸ್ಪಷ್ಟವಾಗಿದೆ. ಅರುವತ್ತರೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಪಾಯಗಳಿಲ್ಲದ ಮಹಿಳೆಯರಿಗೆ ತೀವ್ರ ಬೆವರು, ನಿದ್ರಾಭಂಗಗಳಿದ್ದರೆ ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ಲಾಭವೇ ಹೆಚ್ಚು. ನೆನಪಿನ ಶಕ್ತಿಗಾಗಿಯೇ ಇದನ್ನು ಸೇವಿಸುವುದು ಮಾತ್ರ ಸಲ್ಲದು. ಯಾರಿಗೆ ತಕ್ಕುದು ಎಂಬುದನ್ನು ಸ್ತ್ರೀರೋಗ ತಜ್ಞರೇ ನಿರ್ಧರಿಸಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಔಷಧಿ ಕೊಳ್ಳುವುದು ಅಪಾಯಕರ.

ದುಃಖ ಎರಡು ವಾರಕ್ಕೂ ಮೀರಿ ಬಿಡದೆ ಕಾಡಿದರೆ, ಬದುಕು ಬೇಡವೆನಿಸಿದರೆ ಅದನ್ನು ಮುಚ್ಚಿಡಬಾರದು. ಖಿನ್ನತೆಗೆ ಉತ್ತಮ ಚಿಕಿತ್ಸೆಯಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಗಂಡಸರ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಅವರಲ್ಲಿ ಟೆಸ್ಟೋಸ್ಟೆರಾನ್ ನಡುವಯಸ್ಸಿನಿಂದ ಮೆಲ್ಲಗೆ ಇಳಿಯುತ್ತದೆ. ಹೆಂಗಸರಂತೆ ಥಟ್ಟನೆ ನಿಲ್ಲುವುದಿಲ್ಲ. ಬುದ್ಧಿ, ಯೌವನ ಮರಳಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗಿ ಹಣ ಕಳೆಯುವವರಿದ್ದಾರೆ. ಟೆಸ್ಟೋಸ್ಟೆರಾನ್ ಕಡಿಮೆಯಿದ್ದ ಹಿರಿಯ ಗಂಡಸರಿಗೆ ಒಂದು ವರ್ಷ ಅದನ್ನು ಕೊಟ್ಟರೂ ನೆನಪಿನ ಶಕ್ತಿ ಹೆಚ್ಚಲಿಲ್ಲವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ.

ನಮ್ಮ ಧರ್ಮ ಕಲಿಸಿದ್ದೇನು?

ಇಷ್ಟನ್ನೆಲ್ಲ ಓದಿ “ಹೆಂಗಸರ ಬುದ್ಧಿ ಹಾರ್ಮೋನಿನ ಕೈಯಲ್ಲಿ” ಎಂದು ಯಾರೂ ಹಗುರವಾಗಿ ಆಡಬಾರದು. ಹೊಯ್ದಾಟವಿದ್ದರೂ ಮನೆ ನಡೆಸಿದವರು, ಹೊಲ ನೋಡಿಕೊಂಡವರು, ಶಾಲೆಯಲ್ಲಿ ಪಾಠ ಹೇಳಿದವರು ಈ ತಾಯಂದಿರೇ. ಹೆಣ್ಣಿನ ದೇಹಧರ್ಮವನ್ನು ಅವಳ ಯೋಗ್ಯತೆಗೆ ಅಡ್ಡಿಯೆಂದು ಲೋಕ ಬಗೆದಿದ್ದ ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು. ಅಂಗದ ಮೇಲೆ ಲಿಂಗವಿರುವವಳಿಗೆ ಮುಟ್ಟಿನ ದಿನವೂ ಪೂಜೆ ಸಲ್ಲುತ್ತದೆಂದು ಸಾರಿದ ಪರಂಪರೆ ನಮ್ಮದು. ಮುಟ್ಟು ಬರುವುದು ಮೈಲಿಗೆಯಲ್ಲವೆಂದ ಮೇಲೆ, ಮುಟ್ಟು ನಿಲ್ಲುವ ಕಾಲದ ಕಣ್ಣೀರನ್ನು ಕೊರತೆಯೆಂದು ನಾವು ಹೇಗೆ ಕರೆಯಬಹುದು? ದೇಹದ ಕಷ್ಟವನ್ನು ನಡತೆಯ ದೋಷವೆಂದು ತಿಳಿಯುವುದು ಸೂತಕವನ್ನು ಹಿಂಬಾಗಿಲಿನಿಂದ ಒಳಕರೆದಂತೆ.

ಆದುದರಿಂದ ಯಜಮಾನರಲ್ಲಿ ನಮ್ಮ ಕೋರಿಕೆಯಿಷ್ಟು. ನಗುವುದನ್ನು ಬಿಟ್ಟು, ಜೊತೆಗೆ ಕುಳಿತು ಕೇಳಿರಿ, ವೈದ್ಯರಲ್ಲಿಗೆ ಜೊತೆಯಲ್ಲಿಯೇ ಹೋಗಿರಿ. ಸೊಸೆಯಂದಿರು ಅತ್ತೆಯ ಸಿಡುಕನ್ನು ಹಗೆಯೆಂದೆಣಿಸದೆ, ಆ ಹೊತ್ತಿನ ಕೆಲಸಕ್ಕೆ ಕೈಗೂಡಿಸಲಿ. ಇಂದಿನ ಅತ್ತೆಯ ಸ್ಥಾನಕ್ಕೆ ನಾಳೆ ಅವರೂ ಬರುವವರೇ. ಅತ್ತೆಯರೂ ಬಾಣಂತಿ ಸೊಸೆಯ ಕಣ್ಣೀರನ್ನು ಸೋಗೆಂದು ಕಾಣದಿರಲಿ.

ಪತ್ರ ಬರೆದ ತಾಯಿಗೆ ನಮ್ಮ ಉತ್ತರ: ಅಮ್ಮಾ, ನಿಮ್ಮ ಭಕ್ತಿ ಕುಂದಿಲ್ಲ. ಕುಂದಿದ್ದರೆ ಅದಕ್ಕಾಗಿ ನೀವು ಇಷ್ಟು ಅಳುತ್ತಿರಲಿಲ್ಲ. ರಾತ್ರಿ ನಿದ್ರೆ ಕೆಟ್ಟ ದಿನ ನಸುಕಿನಲ್ಲೇ ಏಳಬೇಕೆಂಬ ಹಟ ಬೇಡ. ಹೊತ್ತು ಏರಿದ ಮೇಲೆ ಮಾಡಿದ ಪೂಜೆಯೂ ಪೂಜೆಯೇ. ಹತ್ತು ನಿಮಿಷವೇ ಕುಳಿತರೂ ಸಾಕು. ದಿನವೂ ಅರ್ಧ ಗಂಟೆ ನಡೆಯಿರಿ. ಸಂಜೆಯ ಮೇಲೆ ಚಹಾ ಬಿಡಿ. ದಾಸೋಹದ ಅಡುಗೆಗೆ ಇಳಿಯುವ ಮುನ್ನ ಹಾಕಬೇಕಾದುದನ್ನು ಒಂದು ಚೀಟಿಯಲ್ಲಿ ಬರೆದು ಸೊಸೆಯ ಕೈಗೆ ಕೊಡಿ. ಈ ತಿಂಗಳೊಳಗೆ ಸ್ತ್ರೀರೋಗ ತಜ್ಞರನ್ನು ಕಂಡು, ನಮಗೆ ಬರೆದುದನ್ನೆಲ್ಲ, ವಿಶೇಷವಾಗಿ ಸಂಕೋಚದಿಂದ ಕೊನೆಗೆ ಬರೆದುದನ್ನು, ಅವರೆದುರು ಮೊದಲಿಗೇ ಹೇಳಿರಿ. ಈ ಪುಟವನ್ನು ನಿಮ್ಮ ಯಜಮಾನರ ಕೈಗೂ ಕೊಡಿರಿ.